ಮೂವತ್ತೊಂಬತ್ತನೆಯ ಸೂಜಿ

ದನದ ಆಸ್ಪತ್ರೆಯ ಕಾಂಪೌಂಡರಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪಕ್ಕದ ಹಳ್ಳಿಗೆ ಕಾಲುಬಾಯಿ ಜ್ವರ ಬಂದಿತ್ತು. ಈ ಊರಿನ ದನಗಳಿಗೆ ಇವತ್ತೇ ಲಸಿಕೆ ಶುರು. ಸಂಜೆ ನಾಲ್ಕಕ್ಕೆ ಡಾಕ್ಟರು ಬಂದು, ಯಾವ ದನಕ್ಕೆ ಆಯಿತು ಎನ್ನುವ ಪಟ್ಟಿ ಒಯ್ಯುತ್ತಾರೆ, ಉಳಿದವಕ್ಕೆ ನಾಳೆ. ಅಂಥ ದಿನವೇ ಹೆಂಡತಿಯ ತಮ್ಮ, ರೇಡಿಯೊ ರಿಪೇರಿಯವನು, ಜೇಬಿನಲ್ಲಿ ಎರಡು ಪೆನ್‌ಡ್ರೈವ್ ಇಟ್ಟುಕೊಂಡು ಬಂದ.

ಆಸ್ಪತ್ರೆಯ ಕಂಪ್ಯೂಟರು ಹಳೆಯದು. ಗುಂಡಿ ಒತ್ತಿ, ಒಂದು ಕೊಡ ನೀರು ತಂದು, ಅಂಗಳ ಗುಡಿಸಿ ಬಂದರೂ ಅದು ಇನ್ನೂ ಕಣ್ಣುಜ್ಜುತ್ತಿರುತ್ತಿತ್ತು.

“ಯಂತ್ರ ಗಟ್ಟಿಯಾಗೇ ಇದೆ ಭಾವ, ಒಳಗಿನ ಆಪರೇಟಿಂಗ್ ಸಿಸ್ಟಮ್ ಮುದಿಯಾಗಿದೆ ಅಷ್ಟೆ. ಹೊಸದು ತಂದಿದೀನಿ. ಈಗಲೇ ಒಳಗೆ ಹಾಕಿಬಿಡೋದು ಬೇಡ, ಇವತ್ತೊಂದು ದಿನ ಈ ಪೆನ್‌ಡ್ರೈವಿಂದಲೇ ನಡೆಸಿ ನೋಡಿ. ಬೇಡ ಅನ್ನಿಸಿದ್ರೆ ಕಿತ್ತುಬಿಡೋದು. ಒಂದು ಮಾತು ಮಾತ್ರ ನೆನಪಿರಲಿ. ಆರಿಸೋ ಮೊದಲು ಬರೆದಿದ್ದನ್ನ ಈ ಇನ್ನೊಂದು ಪೆನ್‌ಡ್ರೈವಿಗೆ ಹಾಕ್ಕೋಬೇಕು. ಇಲ್ಲಾಂದ್ರೆ ಎಲ್ಲಾ ಹೋಗುತ್ತೆ.”

“ಹ್ಞೂಂ, ಹ್ಞೂಂ,” ಎಂದ ಕಾಂಪೌಂಡರು. ಕಣ್ಣು ಗೇಟಿನ ಮೇಲಿತ್ತು. ಅಲ್ಲಿ ಆಗಲೇ ದನಗಳು ಬಾಲ ಬೀಸುತ್ತ ಸಾಲುಗಟ್ಟಿದ್ದವು.

ಎರಡೇ ನಿಮಿಷಕ್ಕೆ ಹೊಸ ಪರದೆ ಮೂಡಿತು. ಆದರೆ ಯಾವುದೂ ಇದ್ದಲ್ಲಿರಲಿಲ್ಲ. ಕೈ ತಾನಾಗಿ ಎಡಮೂಲೆಗೆ ಹೋಗುವುದು, ಅಲ್ಲಿ ಏನೂ ಇಲ್ಲವೆಂದು ಪೆಚ್ಚಾಗಿ ವಾಪಸು ಬರುವುದು. ಬೇರೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಹುಡುಕಿದ ಹಾಗೆ.

“ಏನಾದರೂ ಟೈಪ್ ಹೊಡೆದು ನೋಡಿ.”

ಏನು ಹೊಡೆಯುವುದು? ಬೆಳಕು ಹರಿಯುವ ಮೊದಲೇ ತನ್ನ ಕೊಟ್ಟಿಗೆಯ ಕರಿಗೆ ಚುಚ್ಚಿ, ಆ ಸೂಜಿಯನ್ನು ತಂದು ಆಸ್ಪತ್ರೆಯ ಡಬ್ಬಿಗೆ ಹಾಕಿದ್ದ. ‘ಕರಿ, ಆಯಿತು’ ಎಂದು ಹೊಡೆದ. ಅಕ್ಷರಗಳು ಬೆರಳಿಗಿಂತ ಮೊದಲೇ ಓಡಿದಂತೆ ಕಂಡವು. ಅವನಿಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು.

ಗೇಟಿನ ಕಡೆ ಹೊರಡುವಾಗ ಕಾಂಪೌಂಡರು ಅಭ್ಯಾಸದಂತೆ ಕಪಾಟಿನಿಂದ ನೀಲಿ ಔಷಧದ ಸೀಸೆ ತೆಗೆದುಕೊಂಡ. ಇಪ್ಪತ್ತು ವರ್ಷದಿಂದ ಲಸಿಕೆ ಆದ ದನದ ಕೊಂಬಿನ ಬುಡಕ್ಕೆ ಒಂದು ನೀಲಿ ಬೊಟ್ಟು ಇಡುತ್ತ ಬಂದವನು.

“ಕಂಪ್ಯೂಟರು ಇಟ್ಕೊಂಡು ಕೊಂಬಿಗೆ ಬಣ್ಣ ಬಳೀತೀರಾ ಭಾವ?” ರೇಡಿಯೊದವನು ನಕ್ಕ. “ಆಮೇಲೆ ನನ್ನ ಪೆನ್‌ಡ್ರೈವಿಗೂ ಒಂದು ಬೊಟ್ಟು ಇಡಿ.”

ಕಾಂಪೌಂಡರು ಸೀಸೆಯನ್ನು ಕಪಾಟಿಗೆ ವಾಪಸು ಇಟ್ಟ. ರೇಡಿಯೊದವನು ತನ್ನ ಅಂಗಡಿಗೆ ಹೊರಟುಹೋದ.

ಐದೈದು ದನಕ್ಕೆ ಚುಚ್ಚುವುದು, ಕೈ ತೊಳೆದು ಒಳಗೋಡುವುದು, ಐದು ಹೆಸರು ಹೊಡೆಯುವುದು. ದನಕ್ಕೊಂದು ಹೊಸ ಸೂಜಿ, ಬಳಸಿದ್ದು ಮುಚ್ಚಳದ ಡಬ್ಬಿಗೆ. ಹೀಗೆ ಹನ್ನೆರಡರವರೆಗೆ ನಡೆಯಿತು. ಪ್ರತಿ ದನ ದಾಟಿ ಹೋದಾಗಲೂ ಬಲಗೈ ಕೊಂಬಿನ ಕಡೆ ಏಳುತ್ತಿತ್ತು.

ಆಸ್ಪತ್ರೆಯ ಹಿಂದೆಯೇ ಊರಿನ ನೀರಿನ ಪಂಪು. ಅದರ ಮೋಟಾರು ಹೊರಡುವಾಗ ಕರೆಂಟು ಏರಿಳಿದು ಹಿಂದೊಮ್ಮೆ ಕಂಪ್ಯೂಟರು ಕೆಟ್ಟು ರಿಪೇರಿಗೆ ಹೋಗಿತ್ತು. ಅಂದಿನಿಂದ ಪಂಪಿನವನು ಮೊದಲು ಶಿಳ್ಳೆ ಹಾಕುತ್ತಾನೆ. ಶಿಳ್ಳೆ ಕೇಳಿದೊಡನೆ ಕಾಂಪೌಂಡರು ಎಲ್ಲಿದ್ದರೂ ಬಂದು ಕಂಪ್ಯೂಟರು ಆರಿಸುತ್ತಾನೆ. ಶಿಳ್ಳೆ ಬಿತ್ತು. ಆರಿಸಿದ. ಮೋಟಾರು ಗುಂಯ್ ಎಂದಿತು. ಆಗ ನೆನಪಾಯಿತು, ಬರೆದದ್ದನ್ನು ಇನ್ನೊಂದಕ್ಕೆ ಹಾಕಿಕೊಂಡಿರಲಿಲ್ಲ.

ಮತ್ತೆ ಹಚ್ಚಿದ. ಪರದೆ ಎರಡೇ ನಿಮಿಷಕ್ಕೆ ಬಂತು, ತೊಳೆದಿಟ್ಟ ತಟ್ಟೆಯಂತೆ ಖಾಲಿಯಾಗಿ.

ಸುದ್ದಿ ಮುಟ್ಟಿ ರೇಡಿಯೊದವನು ಓಡಿ ಬಂದ. “ಹೇಳಿದ್ನಲ್ಲ ಭಾವ.”

“ಹೇಳಿದೆ. ನಾನು ಹ್ಞೂಂ ಅಂದೆ. ಕೇಳಿಸ್ಕೊಳ್ಳಲಿಲ್ಲ. ಈಗ ಸುಮ್ನೆ ಕೂತ್ಕೋ.”

ಮನೆಮನೆಗೆ ಹೋಗಿ ಕೇಳೋಣವೆಂದರೆ ಜನ ದನ ಹೊಡೆದುಕೊಂಡು ಗುಡ್ಡ ಹತ್ತಿಯಾಗಿತ್ತು. ನಾಳೆ ಎಲ್ಲವನ್ನೂ ಮತ್ತೆ ಕರೆದರೆ ಅರ್ಧ ಜನ ಬರುವುದಿಲ್ಲ. ಲಸಿಕೆ ಆಗದ ಒಂದೇ ದನ ಉಳಿದರೂ ಸಾಕು, ರೋಗಕ್ಕೆ ಬಾಗಿಲು ತೆರೆದ ಹಾಗೆ.

ಕಾಂಪೌಂಡರು ಡಬ್ಬಿ ತೆರೆದು ಚಿಮಟದಿಂದ ಸೂಜಿ ಎಣಿಸಿದ. ಮೂವತ್ತೊಂಬತ್ತು. ಆಮೇಲೆ ಕಾಗದ ತೆಗೆದುಕೊಂಡು ಗೇಟಿನ ಹತ್ತಿರ ಹೋಗಿ ನಿಂತ. ದನಗಳು ನಿಂತಿದ್ದ ಜಾಗದಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ನೆನೆದುಕೊಂಡ. ಇಲ್ಲಿ ಬಡಗಿಯ ಜೋಡೆತ್ತು. ಇಲ್ಲಿ ಒದ್ದದ್ದು ಮೇಷ್ಟರ ಮನೆಯ ಕೆಂಪಿ. ಇಲ್ಲಿ ಆ ಅಜ್ಜಿ, “ನಿಧಾನಕ್ಕೆ ಚುಚ್ಚಪ್ಪ, ಅದು ಬಸುರಿ,” ಎಂದದ್ದು. ರೇಡಿಯೊದವನು ಪೆನ್ನು ಹಿಡಿದು ಹಿಂದೆ ಹಿಂದೆ ಬಂದ. ಮೂವತ್ತೆಂಟಕ್ಕೆ ನಿಂತಿತು.

ಮೂರು ಸಲ ನಡೆದ. ಮೂವತ್ತೆಂಟೇ.

“ಒಂದು ತಾನೇ ಭಾವ, ಹೇಗೋ—”

“ಸೂಜಿ ಎಷ್ಟೋ ಹೆಸರು ಅಷ್ಟಿರಬೇಕು. ಒಂದು ತಪ್ಪಿದ್ರೆ ಡಾಕ್ಟರು ಉಳಿದ ಮೂವತ್ತೆಂಟನ್ನ ಯಾಕೆ ನಂಬ್ತಾರೆ? ನಾನೇ ನಂಬೋದಿಲ್ಲ.”

ಮೂರೂವರೆ. ಅವನು ಕೂತ, ಎದ್ದ, ಡಬ್ಬಿಯನ್ನು ಇನ್ನೊಮ್ಮೆ ಎಣಿಸಿದ. ಅಷ್ಟರಲ್ಲಿ ಹೆಂಡತಿ ಬುತ್ತಿ ಹಿಡಿದು ಬಂದಳು. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಹೋಗಿರಲಿಲ್ಲ.

“ಹೊಟ್ಟೆ ಗಿಟ್ಟೆ ಇಲ್ವಾ ನಿಮಗೆ? ಮನೇಲಿ ಕರಿ ಬೇರೆ ಕತ್ತು ಮುಟ್ಟಿಸಿಕೊಳ್ತಿಲ್ಲ. ಊದಿಕೊಂಡಿದೆ. ಏನು ಮಾಡಿ ಬಂದಿರಿ ಅದಕ್ಕೆ?”

ಕಾಂಪೌಂಡರು ಅವಳ ಮುಖವನ್ನೇ ನೋಡಿದ. ಆಮೇಲೆ ಹೆಂಡತಿಯ ತಮ್ಮನ ಕಡೆ ತಿರುಗಿದ.

“ಬರೀ. ಕರಿ. ಎಲ್ಲಕ್ಕಿಂತ ಮೇಲೆ ಬರೀ.”

“ಸಾಲಲ್ಲಿ ನಿಂತಿರಲಿಲ್ಲ ನೋಡಿ,” ರೇಡಿಯೊದವನು ತಲೆ ಆಡಿಸಿದ. “ನಿಮ್ಮನೆಯವರು ಎಲ್ಲಿ ಸಾಲಲ್ಲಿ ನಿಲ್ತಾರೆ.”

ಅಕ್ಕ ತಮ್ಮನ ತಲೆಗೊಂದು ಮೊಟಕಿದಳು.

ನಾಲ್ಕಕ್ಕೆ ಡಾಕ್ಟರು ಬಂದು ಸೂಜಿ ಎಣಿಸಿ, ಹೆಸರು ಎಣಿಸಿ, ಕಾಗದ ಮಡಿಚಿ ಜೇಬಿಗಿಟ್ಟುಕೊಂಡರು. “ಕಂಪ್ಯೂಟರಿನದು ಎಲ್ಲಿ?” ಎಂದು ಕೇಳಿದ್ದಕ್ಕೆ ಕಾಂಪೌಂಡರು, “ನೋಡ್ತಾ ಇದ್ದೀವಿ ಸಾರ್,” ಎಂದಷ್ಟೇ ಹೇಳಿದ.

ಬೀಗ ಹಾಕುವ ಹೊತ್ತಿಗೆ ರೇಡಿಯೊದವನು ಕೇಳಿದ, “ಕಿತ್ಕೊಂಡು ಹೋಗ್ಲಾ ಭಾವ?”

ಕಾಂಪೌಂಡರು ಬೀಗವನ್ನು ಒಮ್ಮೆ ಜಗ್ಗಿ ನೋಡಿದ. “ಇರ್ಲಿ. ನಾಳೆ ಬೆಳಿಗ್ಗೆ ಬೇಗ ಬಂದು ಒಳಗೇ ಹಾಕಿಬಿಡು. ಓಡುತ್ತೆ ಅದು, ಚೆನ್ನಾಗೇ ಓಡುತ್ತೆ.”

ಮನೆಗೆ ಹೋದವನು ಕೈಕಾಲು ತೊಳೆಯುವ ಮೊದಲು ಕೊಟ್ಟಿಗೆಗೆ ನಡೆದ. ಬರುವಾಗ ಕಪಾಟಿನಿಂದ ಜೇಬಿಗೆ ಹಾಕಿಕೊಂಡಿದ್ದ ನೀಲಿ ಸೀಸೆ ತೆಗೆದು ಕರಿಯ ಕೊಂಬಿನ ಬುಡಕ್ಕೆ ಬೊಟ್ಟು ಇಟ್ಟ. ಅದು ತಲೆ ಕೊಡವಿ ಅವನ ಅಂಗಿಗೂ ಒಂದಿಷ್ಟು ಬಳಿಯಿತು. ಅಷ್ಟರಲ್ಲಿ ದೂರದಲ್ಲಿ ಸಂಜೆಯ ನೀರಿಗೆ ಪಂಪಿನವನ ಶಿಳ್ಳೆ ಕೇಳಿಸಿತು. ಕಾಂಪೌಂಡರು ಸೀಸೆ ಹಿಡಿದುಕೊಂಡೇ ಬಾಗಿಲಿನ ತನಕ ಓಡಿ, ಕಂಪ್ಯೂಟರು ಆಗಲೇ ಆರಿಸಿ ಬಂದದ್ದು ನೆನಪಾಗಿ ನಿಂತ.