ಕಾರ್ಡಿನಿಂದ ಹೋದ ಹೆಸರು

ರೇಷನ್ ಕಾರ್ಡಿನಿಂದ ಹೆಸರು ಹೋಗುವುದಕ್ಕೆ ಹುಲಿಗವ್ವನಿಗೆ ಗೊತ್ತಿದ್ದ ದಾರಿಗಳು ಎರಡೇ. ಮಗಳು ಗಂಡನ ಮನೆಗೆ ಹೋದಾಗ ಒಂದು ಹೋಗಿತ್ತು, ಗಂಡ ಮಣ್ಣಿಗೆ ಹೋದಾಗ ಇನ್ನೊಂದು. ಈಗ ಅಳವಂಡಿಯ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ, ಮಗ ಹನುಮೇಶನ ಹೆಸರೇ ಇಲ್ಲ, ಅವನ ಪಾಲಿನ ಅಕ್ಕಿ ಬರುವುದಿಲ್ಲ ಎಂದು ಅಂಗಡಿಯವನು ಹೇಳಿದ. ಹನುಮೇಶ ಕೊಪ್ಪಳದ ಜೈಲಿನಲ್ಲಿದ್ದ. ಗಂಡುಮಗ ಗಂಡನ ಮನೆಗೆ ಹೋಗುವುದುಂಟೇ? ಹಾಗಾದರೆ ಉಳಿದದ್ದು ಒಂದೇ ದಾರಿ.

ಚೀಲವನ್ನು ಅಲ್ಲೇ ಬಿಟ್ಟು ಕೊಪ್ಪಳದ ಬಸ್ಸು ಹತ್ತಿದಳು. ಸೊಸೆ ನೇತ್ರಾವತಿಗೆ ಹೇಳಲಿಲ್ಲ. ಹೇಳಿದ್ದರೆ ಓಣಿಯ ಹೆಂಗಸರು ಬಂದು ಅವಳ ಬಳೆ ಒಡೆದೇಬಿಡುತ್ತಿದ್ದರು. ಇಂಥ ಕೆಲಸಕ್ಕೆ ನಮ್ಮ ಕಡೆ ಯಾರನ್ನೂ ಕರೆಯಬೇಕಿಲ್ಲ. ದಾರಿಯುದ್ದಕ್ಕೂ ಬಾಯಿಗೆ ಸೆರಗು ಒತ್ತಿಕೊಂಡೇ ಕೂತಿದ್ದಳು. ಮಗನನ್ನು ಜೈಲಿಗೆ ತಂದ ಹೊಡೆದಾಟದಲ್ಲಿ ಒಬ್ಬ ಸತ್ತದ್ದು ನಿಜ. ಆದರೆ ಕೋರ್ಟಿಗೆಲ್ಲ ಬರಬೇಡ, ದೀಪಾವಳಿಯೊಳಗೆ ಜಾಮೀನು ಸಿಗುತ್ತದೆ ಎಂದು ಕಳೆದ ಸಲ ಹನುಮೇಶನೇ ಹೇಳಿದ್ದ.

ಜೈಲಿನ ಬಾಗಿಲಲ್ಲಿ ಪಹರೆಯ ಸಿದ್ದಲಿಂಗೇಶನನ್ನು ಕೇಳಿದಳು, “ಹೆಣಾ ಯಾವಾಗ ಕೊಡ್ತೀರಿ?”

ಅವನು ಗಾಬರಿಯಾಗಿ ಅವಳನ್ನು ಕೂಡಿಸಿ ನೀರು ಕೊಟ್ಟ. ವಿಷಯ ತಿಳಿದ ಮೇಲೆ ಸಮಾಧಾನ ಹೇಳಿದ. “ನಿಮ್ಮ ಮಗ ಛಲೋ ಅದಾನ್ರಿ ಯವ್ವಾ. ಇಲ್ಲಿರೋರ ಹೆಸರು ನಾವ ಆಹಾರ ಇಲಾಖೆಗೆ ಕಳಸ್ತೀವಿ. ಇಲ್ಲಿ ಸರಕಾರ ಊಟಾ ಹಾಕ್ತೈತಿ, ಅಲ್ಲೂ ಅವನ ಹೆಸರಿಗೆ ಅಕ್ಕಿ ಕೊಟ್ರ ಒಬ್ಬಗ ಎರಡು ಪಾಲು ಆಕ್ಕೈತಿ. ಬಿಡುಗಡಿ ಆದಮ್ಯಾಲೆ ಮತ್ತ ಸೇರಸ್ತಾರ.”

ಮಗ ಬದುಕಿದ್ದಾನೆ. ಹುಲಿಗವ್ವ ಅಳುತ್ತಲೇ ನಕ್ಕಳು. ಪಾಪ, ಎಂಥ ಸುಖವಾಯಿತೋ ಆ ಜೀವಕ್ಕೆ! ಆಮೇಲೆ ನೀರಿನ ಲೋಟ ಕೆಳಗಿಟ್ಟು, ಮಗ ಜೈಲಿಗೆ ಬಂದು ಎರಡು ವರ್ಷವಾಯಿತಲ್ಲ, ಹೆಸರು ಮೊದಲೇ ಯಾಕೆ ಕಳಿಸಲಿಲ್ಲ ಎಂದು ಕೇಳಿದಳು.

“ಶಿಕ್ಷಾ ಆದೋರದಷ್ಟ ಕಳಸೂದ್ರಿ,” ಎಂದ ಸಿದ್ದಲಿಂಗೇಶ. ಅವಳ ಮುಖ ನೋಡಿ ಅವನ ದನಿ ತಗ್ಗಿತು. “ಹೋದ ತಿಂಗಳ ತೀರ್ಪು ಬಂತಲ್ರಿ. ಜೀವಾವಧಿ. ಮಗ ಹೇಳಿಲ್ಲೇನ್ರಿ?”

ಸಂದರ್ಶನಕ್ಕೆ ಕರೆದಾಗ ಹುಲಿಗವ್ವ ಎದ್ದು ಮುಖ ಒರೆಸಿಕೊಂಡು ಹೋದಳು. ಜಾಲರಿಯ ಆಚೆ ಹನುಮೇಶ ನಗುತ್ತ ನಿಂತಿದ್ದ. ನಗು ತುಟಿಯಲ್ಲಷ್ಟೇ ಇತ್ತು. ಅವನು ಹೆಂಡತಿಯ ಕ್ಷೇಮ ಕೇಳಿದ, ಎಮ್ಮೆ ಈಯಿತೇ ಎಂದು ಕೇಳಿದ. ಹೊತ್ತು ಮುಗಿಯುತ್ತ ಬಂದಾಗ ಕೆಳಗೆ ನೋಡಿಕೊಂಡು ಹೇಳಿದ:

“ದೀಪಾವಳಿಗೆ ಬಂದಬಿಡ್ತೀನಿ ಯವ್ವಾ.”

“ಬಾರಪಾ,” ಎಂದಳು ಹುಲಿಗವ್ವ. “ನಿನ್ನ ಪಾಲಿನ ಅಕ್ಕಿ ತಗದಿಟ್ಟೀನಿ.”