ಅಕ್ಕ ಅಂಚಿಗೆ ನಿಂತದ್ದು

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ತಮ್ಮನಿಗೆ ತನ್ನ ಕ್ಯಾಮೆರಾದ ಅಗಲ ಲೆನ್ಸು ಹಾಗೆ. ಬಾಡಿಗೆಗೆ ಬಿಡುವ ಮನೆಗಳ ಫೋಟೊ ತೆಗೆಯುವುದು ಅವನ ಕಸುಬು. ಬೇರೆ ಲೆನ್ಸಿನಲ್ಲಿ ಬರೀ ಕಿಟಕಿ ಕಾಣುವ ಮೂಲೆಯಿಂದ ಇದರಲ್ಲಿ ಕಿಟಕಿ, ಬಾಗಿಲು, ಎರಡು ಪಕ್ಕದ ಗೋಡೆ, ಮೇಲಿನ ಫ್ಯಾನು ಎಲ್ಲವೂ ಒಟ್ಟಿಗೆ ಕಾಣುತ್ತಿದ್ದವು. ಗೋಡೆಯ ಗೆರೆ ಒಂದಿಷ್ಟೂ ಬಾಗುತ್ತಿರಲಿಲ್ಲ. ಮೈಯೆಲ್ಲ ಲೋಹ, ಕೈಜಾರಿ ಬಿದ್ದರೆ ಪೆಟ್ಟು ನೆಲಕ್ಕೇ.

ಆದರೆ ಫೋಕಸ್ಸನ್ನು ಮಾತ್ರ ಕೈಯಿಂದಲೇ ಮಾಡಬೇಕು. ಲೆನ್ಸಿನ ಸುತ್ತಲಿನ ಬಳೆಯನ್ನು ತಿರುಗಿಸುತ್ತ, ಚಿತ್ರ ಸ್ಪಷ್ಟವಾಗುವವರೆಗೂ ನೋಡುತ್ತಲೇ ಇರಬೇಕು. ಗೋಡೆಗಳಿಗೇನು, ಎಷ್ಟು ಹೊತ್ತಾದರೂ ನಿಂತಿರುತ್ತವೆ; ಮನುಷ್ಯರು ನಿಲ್ಲುತ್ತಾರೆಯೇ? ಒಮ್ಮೆ ಚೀಲದೊಳಗೆ ಬಳೆ ತಾನಾಗಿ ತಿರುಗಿದ್ದನ್ನು ಗಮನಿಸದೆ ಇಡೀ ಒಂದು ಮನೆಯನ್ನು ಮಂಜು ಮಂಜಾಗಿ ತೆಗೆದುಕೊಂಡು ಬಂದಿದ್ದ. ಇನ್ನೊಮ್ಮೆ, ಫೋಟೊ ನೋಡಿ ಮೆಚ್ಚಿ ಬಂದ ಬಾಡಿಗೆದಾರ ಕೋಣೆಯ ನಡುವೆ ನಿಂತು, "ಉಳಿದಿದ್ದು ಎಲ್ಲಿದೆ?" ಎಂದು ಕೇಳಿದ್ದ. ತಮ್ಮ ಆಗಲೂ ಲೆನ್ಸಿನ ಪರವೇ. "ಮನೆ ಚಿಕ್ಕದಿದ್ರೆ ಪಾಪ, ಅದೇನು ಮಾಡುತ್ತೆ?" ಎಂದಿದ್ದ.

ಆ ಲೆನ್ಸನ್ನು ಹೊತ್ತುಕೊಂಡು ಅವನು ಒಂದು ಬೆಳಿಗ್ಗೆ ಅಕ್ಕನ ಹೊಲಿಗೆ ಅಂಗಡಿಗೆ ಬಂದ. ಅಕ್ಕ ದೊಡ್ಡ ಕಾಯಿಲೆಯಿಂದ ಎದ್ದು, ಆಸ್ಪತ್ರೆಯ ಸಹವಾಸ ಮುಗಿಸಿ, ಮತ್ತೆ ಅಂಗಡಿ ತೆರೆದಿದ್ದಳು. ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೆ ಕಾಯಿಲೆ ಹೋಗುವಾಗ ಬರಿಗೈಯಲ್ಲಿ ಹೋಗಿರಲಿಲ್ಲ, ಅಕ್ಕನ ಅರ್ಧ ಮೈಯನ್ನು ಜೊತೆಗೆ ಒಯ್ದಿತ್ತು. ಗುಂಡು ಕೆನ್ನೆಗಳಿದ್ದ ಕಡೆ ಈಗ ಎರಡು ಗುಳಿ. ಅಂಗಡಿಯವರೆಲ್ಲ ಸೇರಿದ ಒಂದು ಫೋಟೊ ಗೋಡೆಯ ಮೇಲಿರಬೇಕೆಂದು ಭಾವನ ಆಸೆ. ಅಕ್ಕ ಮಾತ್ರ ಸುತರಾಂ ಒಪ್ಪಿರಲಿಲ್ಲ.

"ಅವರನ್ನೆಲ್ಲ ತೆಗಿ, ನನ್ನನ್ನ ಬಿಡು," ಎಂದಳು, ಮಷಿನ್ನಿನಿಂದ ತಲೆಯೆತ್ತದೆ. "ಈ ಮುಖಾನ ಗೋಡೆಗೆ ಹಾಕಿದ್ರೆ ಗಿರಾಕಿಗಳು ಅಳತೆ ಕೊಡದೇ ಓಡಿಹೋಗ್ತಾರೆ."

"ನೀನಿಲ್ದೆ ಎಂಥ ಫೋಟೊ ಅಕ್ಕ?" ಎಂದು ಹೊಲಿಗೆ ಮಷಿನ್ನಿಗೆ ಹೇಳಿದ ತಮ್ಮ. ಅವನು ಹಾಗೆಯೇ. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ಕಿಟಕಿಯ ಜೊತೆ ಮಾತಾಡಿದ್ದ, ಈಗ ಮಷಿನ್ನಿನ ಜೊತೆ. ಅಕ್ಕನ ಮುಖ ನೋಡಿದರೆ ಅವನಿಗೆ ಅಳು ಬರುತ್ತಿತ್ತು. ಆದರೆ ಅವಳಿಲ್ಲದ ಫೋಟೊ ಆ ಗೋಡೆಯ ಮೇಲೆ ನೇತಾಡಿದರೆ ಕಾಯಿಲೆಯೇ ಗೆದ್ದ ಹಾಗಲ್ಲವೇ?

ಒತ್ತಾಯ ಮಾಡಿದರೆ ಅಕ್ಕ ಇನ್ನಷ್ಟು ಬಿಗಿಯುತ್ತಾಳೆಂದು ಗೊತ್ತಿದ್ದರಿಂದ ಸುಮ್ಮನೆ ಬಾಗಿಲಿಗೆ ಬೆನ್ನು ಒತ್ತಿ ನಿಂತ. ಅಂಗಡಿ ಅಷ್ಟು ಇಕ್ಕಟ್ಟು. ಬೇರೆ ಲೆನ್ಸಾಗಿದ್ದರೆ ಬೀದಿ ದಾಟಿ ಎದುರಿನ ಅಂಗಡಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಭಾವ, ಕಟಿಂಗ್ ಮಾಸ್ಟರು, ಹೊಲಿಯುವ ಇಬ್ಬರು ಹೆಂಗಸರು ಇಸ್ತ್ರಿ ಮೇಜಿನ ಹಿಂದೆ ಸಾಲಾಗಿ ನಿಂತರು. ಮಾಸ್ಟರು ಸಾಲಿನ ಕೊನೆಗೆ.

"ಮಾಸ್ಟ್ರೇ, ಅಂಚಿಗೆ ನಿಲ್ಬೇಡಿ. ಅಂಚಲ್ಲಿರೋರನ್ನ ಈ ಲೆನ್ಸು ಅಡ್ಡಡ್ಡ ಎಳೆದುಬಿಡುತ್ತೆ."

ಮಾಸ್ಟರು ನಂಬಲಿಲ್ಲ. ತಮ್ಮ ಒಂದು ತೆಗೆದು ತೋರಿಸಿದ. ಮೊದಲೇ ಧಾರಾಳವಾಗಿದ್ದ ಹೊಟ್ಟೆ ಚಿತ್ರದ ಅಂಚಿನಿಂದಾಚೆಗೆ ಹೊರಟುನಿಂತಿತ್ತು.

"ಅಯ್ಯಯ್ಯೋ! ದೇವರೇ ಸಾಕಷ್ಟು ಎಳೆದಿಟ್ಟಿದ್ದಾನೆ, ಇನ್ನು ನಿಮ್ಮ ಲೆನ್ಸು ಬೇರೆ ಯಾಕೆ?" ಎನ್ನುತ್ತ ಮಾಸ್ಟರು ನಡುವೆ ನುಗ್ಗಿದರು. ಹೆಂಗಸರು ಜಾಗ ಬಿಡಲಿಲ್ಲ. ಭಾವನೂ ಹೊಟ್ಟೆ ಒಳಗೆಳೆದುಕೊಂಡು ನಡುವಿಗೇ ಸರಿದ. ನಾಲ್ವರೂ ಒಬ್ಬರ ಮೈಮೇಲೊಬ್ಬರು ಬಿದ್ದು ತಳ್ಳಾಟಕ್ಕೆ ಶುರುವಿಟ್ಟರು.

ಮಷಿನ್ನಿನ ಸದ್ದು ನಿಂತಿತು.

"ಏನೋ ಅದು? ಅಂಚಿಗೆ ನಿಂತ್ರೆ ದಪ್ಪ ಕಾಣ್ತಾರಾ?" ಎಂದು ಕೇಳಿದಳು ಅಕ್ಕ.

"ಹೂಂ ಅಕ್ಕ."

"ಕೆನ್ನೆ?"

"ಕೆನ್ನೆ ಕೂಡ."

ಅಕ್ಕ ಕೊರಳಿನ ಅಳತೆ ಟೇಪು ತೆಗೆದಿಟ್ಟು ಎದ್ದಳು. "ಹಾಗಾದ್ರೆ ಸರೀರಿ ಎಲ್ಲ. ಇಷ್ಟು ವರ್ಷ ಊರೋರ ಬಟ್ಟೇನೆಲ್ಲ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಿದ್ದೀನಿ. ಇವತ್ತು ಇವನು ನನ್ನನ್ನ ಅಗಲ ಮಾಡ್ಲಿ."

ಎಲ್ಲರೂ ಗೊಳ್ಳೆಂದು ನಕ್ಕರು. ಭಾವ ಮಾತ್ರ ನಗುವ ನೆಪದಲ್ಲಿ ಕಣ್ಣೊರೆಸಿಕೊಂಡ. ಅಕ್ಕ ಸೆರಗು ಸರಿಮಾಡಿಕೊಂಡು ಸಾಲಿನ ತುತ್ತತುದಿಗೆ ಹೋಗಿ ನಿಂತಳು.

ಅವಳ ಮುಖ ಸ್ಪಷ್ಟವಾಗಿ ಬಂದರೆ ಸಾಕು, ಉಳಿದವರು ಹೇಗಾದರೂ ಬರಲಿ ಎಂದುಕೊಂಡ ತಮ್ಮ, ಕ್ಯಾಮೆರಾದ ಪರದೆಯ ಮೇಲೆ ಅವಳ ಮುಖವನ್ನಷ್ಟೇ ದೊಡ್ಡದು ಮಾಡಿದ. ಬಳೆ ತಿರುಗಿಸತೊಡಗಿದ. ಮೊದಲು ಬರೀ ಮಂಜು. ಆ ಮಂಜಿನಲ್ಲಿದ್ದವಳು ಹಳೆಯ ಅಕ್ಕನೇ. ಆಮೇಲೆ ಕೆನ್ನೆಯ ಗುಳಿ ಮೂಡಿತು. ತುಟಿಯ ಪಕ್ಕದ ಹೊಸ ಗೆರೆಗಳು ಬಂದವು. ಮುಖ ತಿರುಗಿಸೋಣವೆಂದರೆ ಲೆನ್ಸು ಬಿಡಬೇಕಲ್ಲ! ಬಳೆ ಸ್ವಲ್ಪ ಮುಂದಕ್ಕೆ ಹೋಯಿತು, ಹಿಂದಕ್ಕೆ ತಂದ. ಮತ್ತೆ ಹೋಯಿತು, ಮತ್ತೆ ತಂದ. ಕೊನೆಗೆ ಕಣ್ಣು ಸಿಕ್ಕಿದವು. ಅವೇ ಕಣ್ಣು, ಇವನನ್ನು ಹೇಗೆ ರೇಗಿಸೋಣ ಎಂದು ಕಾಯುವ ಕಣ್ಣು. ಅಯ್ಯೋ, ಇವಳು ಇಲ್ಲೇ ಇದ್ದಾಳಲ್ಲ ಎನ್ನಿಸಿತು ಅವನಿಗೆ. ಬಟನ್ ಒತ್ತಿದ.

ಚಿತ್ರ ನೋಡಲು ಎಲ್ಲರೂ ಮುತ್ತಿಕೊಂಡರು. ಅಂಚಿನಲ್ಲಿ ಗುಂಡುಗುಂಡಗೆ ಅಕ್ಕ, ಹಬ್ಬಿದ ಕೆನ್ನೆ, ತುಂಬಿದ ಭುಜ.

"ಈಗ ನಿಮಗೂ ನನಗೂ ಒಂದೇ ಅಳತೆ ಅಮ್ಮಾವ್ರೇ," ಎಂದರು ಮಾಸ್ಟರು. ಅಕ್ಕ ಬಿದ್ದು ಬಿದ್ದು ನಕ್ಕಳು.

"ತುಂಬಾ ಹೊತ್ತು ನಿಲ್ಲಿಸಿಬಿಟ್ಟೆ ಅಕ್ಕ," ಎಂದ ತಮ್ಮ. "ಹೊಸ ಲೆನ್ಸುಗಳಾದ್ರೆ ಕಣ್ಣು ಮಿಟುಕಿಸೋದ್ರಲ್ಲಿ ಮುಗಿಸ್ತವೆ. ಇದರದ್ದು ಅದೊಂದು ತಪ್ಪು." ಜೀವಮಾನದಲ್ಲೇ ಮೊದಲ ಸಲ ಅವನು ಆ ಲೆನ್ಸಿನದೊಂದು ತಪ್ಪು ಒಪ್ಪಿಕೊಂಡಿದ್ದ.

ಅಕ್ಕನ ನಗು ಮೆಲ್ಲಗೆ ಇಳಿಯಿತು. "ತಪ್ಪೇನಿಲ್ಲ ಬಿಡು. ಕಾಯಿಲೆ ಬಂದಾಗಿಂದ ಯಾರೂ ನನ್ನ ಮುಖಾನ ಇಷ್ಟು ಹೊತ್ತು ನೋಡಿರ್ಲಿಲ್ಲ ಕಣೋ. ಎಲ್ಲರೂ ಬೇರೆ ಎಲ್ಲೋ ನೋಡ್ಕೊಂಡು ಮಾತಾಡ್ತಾರೆ. ನೀನೂ ಅಷ್ಟೆ."

ಭಾವ ನೆಲ ನೋಡಹೊರಟವನು ತಟ್ಟನೆ ತಲೆಯೆತ್ತಿ ಹೆಂಡತಿಯ ಮುಖ ನೋಡಿದ.

ಅಕ್ಕ ತನ್ನ ಸ್ಟೂಲನ್ನು ಎಳೆದು ತಂದು, ಮಾಸ್ಟರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಸಾಲಿನ ನಟ್ಟನಡುವೆ ಕೂತಳು.

"ಇಲ್ಲಿ ಕೂತ್ರೆ ಹೇಗಿದ್ದೀನೋ ಹಾಗೇ ಬರ್ತೀನಿ ತಾನೆ?"

"ಹೂಂ ಅಕ್ಕ, ಹಾಗೇ ಬರ್ತೀಯ."

"ಸರಿ, ಇನ್ನೊಂದು ತೆಗಿ. ಅವಸರ ಇಲ್ಲ, ನಿಧಾನವಾಗಿ ನೋಡು."