ಅಕ್ಕ ನಿಲ್ಲಿಸಿದ ಜಾಗ

ಎರಡು ವರ್ಷದಿಂದ ತಂಗಿಗೆ ಅಕ್ಕನ ಸುದ್ದಿ ಸಿಗುತ್ತಿದ್ದದ್ದು ಒಂದೇ ಒಂದು ಕಡೆ: ಚಿತ್ರ ಬರೆಯಲು ಕಲಿಸುವ ಒಂದು ಸೈಟಿನಲ್ಲಿ, ವಿಡಿಯೋದ ಬುಡದಲ್ಲಿ ಎಳೆದಿರುತ್ತಿದ್ದ ಕೆಂಪು ಗೆರೆಯಲ್ಲಿ.

ಅಮ್ಮ ಇದ್ದಾಗ ಇಬ್ಬರೂ ಸೇರಿ ಅಲ್ಲೊಂದು ಖಾತೆ ತೆರೆದಿದ್ದರು. ಜಲವರ್ಣದ ಅರವತ್ತು ಪಾಠ. ಎಲ್ಲಿ ನಿಲ್ಲಿಸುತ್ತೇವೋ ಅಲ್ಲಿಯವರೆಗೆ ಗೆರೆ ಕೆಂಪಾಗುತ್ತದೆ, ಮುಂದಿನ ಸಲ ಅಲ್ಲಿಂದಲೇ ಶುರು. ಆಮೇಲೆ ಅಮ್ಮ ಹೋದಳು. ಆ ದಿನ ತಂಗಿ ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜುತ್ತಿದ್ದಳು. "ಅವಳ ಕೆಲಸ ಕೆಡಿಸಬೇಡ, ಸಂಜೆ ಬರ್ತಾಳಲ್ಲ" ಎಂದು ಅಮ್ಮನೇ ಹೇಳಿದ್ದಳಂತೆ. ಅಕ್ಕ ಫೋನು ಮಾಡಲಿಲ್ಲ. ಸಂಜೆಗೆ ಅಮ್ಮ ಇರಲಿಲ್ಲ. ನೆಂಟರೆಲ್ಲ ಕೂತಿದ್ದಾಗಲೇ ತಂಗಿ, "ಕೊನೇ ದಿನದ ಅಮ್ಮನ್ನ ನೀನೊಬ್ಬಳೇ ಇಟ್ಕೊಂಡ್ಬಿಟ್ಟೆ" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿಂಗಳೊಳಗೆ ಅಕ್ಕ ಬೇರೆ ಊರಿಗೆ ಹೊರಟುಹೋದಳು, ನಂಬರನ್ನೂ ಬದಲಾಯಿಸಿದಳು. ಖಾತೆಯನ್ನು ಮಾತ್ರ ಬಿಡಲಿಲ್ಲ.

ತಂಗಿ ಕುಂಚ ಮುಟ್ಟುವುದನ್ನೇ ಬಿಟ್ಟಿದ್ದಳು. ಆದರೂ ಕೆಲಸ ಮುಗಿಸಿ ಬಂದು, ಚಪ್ಪಲಿ ಕಳಚಿ, ಮೊದಲು ನೋಡುತ್ತಿದ್ದದ್ದು ಆ ಗೆರೆಯನ್ನು. ನಿನ್ನೆ ಮೋಡದ ಹತ್ತಿರ ಇದ್ದದ್ದು ಇವತ್ತು ಹೊಳೆ ದಾಟಿದೆ. ಅಂದರೆ ಅಕ್ಕ ಚೆನ್ನಾಗಿದ್ದಾಳೆ, ಕೂತು ಬರೆದಿದ್ದಾಳೆ. ಎರಡು ನಿಮಿಷ ತಾನೂ ನೋಡಿ, ಗೆರೆಯನ್ನು ಮತ್ತೆ ಅಕ್ಕ ನಿಲ್ಲಿಸಿದ್ದ ಸೆಕೆಂಡಿಗೇ ಎಳೆದು ಕೂರಿಸುತ್ತಿದ್ದಳು. ಪವರಿನಲ್ಲಿ ಕಾಲು ಪಾಯಿಂಟು ಹೆಚ್ಚುಕಡಿಮೆಯಾದರೂ ಗಾಜನ್ನು ಪಕ್ಕಕ್ಕಿಡುವ ಕೈ ಅದು, ತಪ್ಪುತ್ತಿರಲಿಲ್ಲ. ಇತ್ತೀಚೆಗೆ ಅಕ್ಕ ಮೂವತ್ತೊಂದನೇ ಪಾಠದಲ್ಲಿ ಸಿಕ್ಕಿಕೊಂಡಿದ್ದಳು. ಮುದುಕಿಯೊಬ್ಬಳ ಮುಖ. ಗೆರೆ ಐದು ಸಲ ಮೊದಲಿಗೆ ಹೋಗಿ ಬಂದಿತ್ತು.

ಈಗ ನಾಲ್ಕು ದಿನದಿಂದ ಗೆರೆಯೇ ಇಲ್ಲ. ಕಪ್ಪು ಪರದೆ, ನಡುವೆ ಗಿರಗಿರ ತಿರುಗುವ ಬಿಳಿ ಚಕ್ರ. ಐದನೆಯ ದಿನ ಬೆಳಿಗ್ಗೆ ತಂಗಿ ಅಂಗಡಿಯ ಕಂಪ್ಯೂಟರ್ ರಿಪೇರಿಯವನನ್ನು ಮನೆಗೇ ಕರೆಸಿದಳು. ಯಾವ ಕಾಯಿಲೆಗೂ "ಪ್ಲಗ್ ಕಿತ್ತು ಮತ್ತೆ ಹಾಕಿದ್ರಾ?" ಎಂದೇ ಕೇಳುವ ಆಸಾಮಿ. ಎಲ್ಲರ ಬಾಯಲ್ಲೂ ಅವನು ಪ್ಲಗ್ಗಣ್ಣ.

"ಪ್ಲಗ್..."

"ಕಿತ್ತು ಹಾಕಿದೆ. ಮೂರು ಸಲ."

"ಹಾಗಾದ್ರೆ ನನ್ನ ವಿದ್ಯೆಯಲ್ಲಿ ಅರ್ಧ ಮುಗೀತು" ಎಂದು ನಗುತ್ತ ಅವನು ಕುರ್ಚಿ ಎಳೆದುಕೊಂಡ. ಪುಟವನ್ನು ಮತ್ತೆ ತೆರೆದ. ನೆಟ್ಟಿನ ವೇಗ ಅಳೆದ, ಸರಿಯಿತ್ತು. ಬೇರೆ ಸೈಟಿನ ವಿಡಿಯೋ ಹಾಕಿದ; ನೀರು ಕುಡಿದಷ್ಟು ಸಲೀಸಾಗಿ ಓಡಿತು. ಬ್ರೌಸರನ್ನು ಹೊಸದಕ್ಕೆ ಏರಿಸಿದ. ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇತ್ತು.

"ಇನ್ನು ಗುಡಿಸಿ ಹಾಕೋದೇ. ಹಳೇ ಕುಕೀ, ಗಿಕೀ ಎಲ್ಲ ಅಳಿಸಿ, ಈ ಖಾತೆ ಎಲ್ಲೆಲ್ಲಿ ತೆರೆದಿದೆಯೋ ಅಲ್ಲೆಲ್ಲ ಲಾಗೌಟ್ ಮಾಡಿಬಿಡ್ತೀನಿ. ಆಮೇಲೆ ಹೊಸದಾಗಿ..."

ತಂಗಿ ಅವನ ಕೈಯಿಂದ ಮೌಸನ್ನೇ ಕಿತ್ತುಕೊಂಡಳು. "ನೆಗಡಿ ಬಂತೂಂತ ಮೂಗು ಕೊಯ್ತೀಯಾ, ಪ್ಲಗ್ಗಣ್ಣ?"

ಅವನು ಬೆಪ್ಪಾಗಿ ನೋಡಿದ. ಹೇಳದೆ ಬೇರೆ ದಾರಿ ಇರಲಿಲ್ಲ, ಹೇಳಿದಳು. ಪಾಸ್‌ವರ್ಡ್ ಹಾಕಿಕೊಟ್ಟಿದ್ದು ತಾನು, ಅಕ್ಕನಿಗೆ ಅದು ಗೊತ್ತೇ ಇಲ್ಲ. ಲಾಗೌಟ್ ಆದರೆ ಅಕ್ಕ ತನಗೆ ಫೋನು ಮಾಡಿ ಕೇಳಬೇಕು. "ಅವಳು ಪಾಠ ಬಿಟ್ಟಾಳು, ಕೇಳೋಳಲ್ಲ. ಅಲ್ಲಿಗೆ ಮುಗೀತು ನೋಡು."

ಪ್ಲಗ್ಗಣ್ಣ ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. "ಅಕ್ಕನೇ ಅಂತ ಏನಮ್ಮ ಗ್ಯಾರಂಟಿ? ಯಾರೋ ಕಳ್ಳರೂ ನೋಡ್ತಿರಬಹುದು."

"ಕಳ್ಳರು ಒಂದು ಮೂಗಿಗೋಸ್ಕರ ಐದು ಸಲ ಪಾಠ ಕೇಳಲ್ಲ. ಅವಳಿಗೆ ಚಿಕ್ಕಂದಿನಿಂದ ಚಿತ್ರದಲ್ಲಿ ಮೂಗು ಕೂರೋದೇ ಇಲ್ಲ."

"ಸರಿ, ಮೆಷೀನ್ ಬಿಡು. ನಾಲ್ಕು ದಿನದ ಹಿಂದೆ ಏನು ಬದಲಾಯ್ತು, ಅದು ಹೇಳು."

"ಏನೂ ಇಲ್ಲ. ನನ್ನ ಪಾಳಿ ಬದಲಾಯ್ತು, ಮಧ್ಯಾಹ್ನ ಹೋಗ್ತೀನಿ. ಹಾಗಾಗಿ ಬೆಳಿಗ್ಗೆ ನೋಡ್ತಿದೀನಿ."

ಅವನು ಪರದೆಯತ್ತ ಬಗ್ಗಿದ. ಮೇಲಿನ ಮೂಲೆಯಲ್ಲಿ ಜಾಹೀರಾತು ತಡೆಯುವ ಒಂದು ಪುಟ್ಟ ಗುರುತು. "ಇದು ಕೆಲವು ಸಲ ಜಾಣತನ ಜಾಸ್ತಿ ಮಾಡುತ್ತೆ. ಜಾಹೀರಾತು ಅಂದ್ಕೊಂಡು ಬೇಕಾದ್ದನ್ನೂ ಮುಚ್ಚಿಬಿಡುತ್ತೆ." ಅದನ್ನು ಆರಿಸಿ ಪುಟವನ್ನು ಮತ್ತೆ ತೆರೆದ.

ಕಪ್ಪಿನ ನಡುವೆ ಒಂದು ಬಿಳಿ ಚೌಕ ಮೂಡಿತು. *ಈ ಖಾತೆಯಲ್ಲಿ ಈಗ ಇನ್ನೊಬ್ಬರು ಬೇರೆ ಕಡೆ ನೋಡುತ್ತಿದ್ದಾರೆ.* ಅದರ ಕೆಳಗೆ ಒಂದು ಗುಂಡಿ: *ಇಲ್ಲಿ ನೋಡಿ.*

ತಂಗಿ ಓದಿದಳು. ಮತ್ತೊಮ್ಮೆ ಓದಿದಳು. 'ಈಗ' ಎನ್ನುವಲ್ಲಿ ಕಣ್ಣು ನಿಂತಿತು. ಎರಡು ವರ್ಷ ಅವಳು ನೋಡಿದ್ದೆಲ್ಲ ಅಕ್ಕ ಎದ್ದುಹೋದ ಮೇಲಿನ ಕುರ್ಚಿ. ಈಗ ಅಕ್ಕ ಕೂತೇ ಇದ್ದಾಳೆ.

"ರೋಗವೇ ಇಲ್ಲ" ಎಂದ ಪ್ಲಗ್ಗಣ್ಣ. "ಒಂದು ಖಾತೆಗೆ ಒಂದೇ ಪರದೆ, ಅಷ್ಟೇ. ಈಗ ನಿಮ್ಮಿಬ್ಬರ ಹೊತ್ತೂ ಬೆಳಿಗ್ಗೆಗೇ ಬಿದ್ದಿದೆ. ಅಲ್ಲಿ ನಿಲ್ಲಿಸಿದರೆ ಈ ಚೌಕ ತಾನಾಗೇ ಹೋಗುತ್ತೆ. ಈ ಗುಂಡಿ ಒತ್ತಿದ್ರೆ ಇಲ್ಲಿ ಬರುತ್ತೆ, ಅಲ್ಲಿ ನಿಲ್ಲುತ್ತೆ."

"ಅಲ್ಲಿ ಏನು ಕಾಣುತ್ತೆ?"

"ಇದೇ ಚೌಕ." ಅವಳ ಮುಖ ನೋಡಿ, ಚೀಲ ಹೆಗಲಿಗೇರಿಸಿದ. "ನಾನು ಬರ್ತೀನಮ್ಮ. ಇನ್ನು ಮುಂದಿನದು ರಿಪೇರಿ ಕೆಲಸ ಅಲ್ಲ."

ಬಾಗಿಲು ಹಾಕಿಕೊಂಡ ಸದ್ದಾಯಿತು. ತಂಗಿ ಗುಂಡಿಯನ್ನೇ ನೋಡುತ್ತ ಕೂತಳು. ಅಲ್ಲಿ ಕಾಗದ ಒದ್ದೆ ಇರುತ್ತದೆ, ನಡುವೆ ನಿಂತರೆ ಬಣ್ಣ ಕಲೆಗಟ್ಟುತ್ತದೆ. ಅಕ್ಕನ ಕೋಪವೋ ಮೂಗಿನ ತುದಿಯಲ್ಲೇ. ಸಿಟ್ಟಿನಲ್ಲಿ ಖಾತೆಯನ್ನೇ ಬಿಟ್ಟುಬಿಟ್ಟರೆ? ಇದ್ದ ಗೆರೆಯೂ ಹೋದೀತು. ಆದರೆ ಗೆರೆಗೆ ಮಾತಾಡಿಸಲು ಬರುವುದಿಲ್ಲ.

ಒತ್ತಿದಳು.

ಪರದೆ ಬೆಳಗಿತು. ಮುದುಕಿಯ ಕೆನ್ನೆಗೆ ತಿಳಿ ಕಂದು ಹಚ್ಚುತ್ತಿದ್ದ ಕೈ ಕಂಡಿತು. ಒಂದು, ಎರಡು, ಮೂರು... ಹದಿನೇಳಕ್ಕೆ ಎಲ್ಲ ಕಪ್ಪಾಗಿ ಚೌಕ ಮೂಡಿತು.

ಅಕ್ಕ ಎಳೆದುಕೊಂಡಿದ್ದಳು! ಚಿಕ್ಕಂದಿನಲ್ಲಿ ಹೊದಿಕೆ ಎಳೆಯುತ್ತಿದ್ದಂತೆ, ಒಂದೇ ಹೊಡೆತಕ್ಕೆ. ತಂಗಿಗೆ ನಗು ಬಂತು. ತಾನೂ ಎಳೆದಳು. ಈ ಸಲ ಐದೇ ಸೆಕೆಂಡು. ಮತ್ತೆ ಎಳೆದಳು.

ಅಲ್ಲಿಂದ ಎಳೆತ ಬರಲಿಲ್ಲ. ಅರ್ಧ ನಿಮಿಷ. ಒಂದು ನಿಮಿಷ. ಕುಂಚ ಮೂಗಿನ ಪಕ್ಕದ ನೆರಳಿಗೆ ಬಂತು. ಯಾರೆಂದು ಅಕ್ಕನಿಗೆ ಗೊತ್ತಾಗಿರಲೇಬೇಕು. ಈ ಖಾತೆಯಲ್ಲಿ ಇನ್ನಾರಿದ್ದಾರೆ? ಗೊತ್ತಾಗಿಯೇ ಮುಚ್ಚಿಟ್ಟು ಎದ್ದಳೇ? ಮೂಗು ಮುಗಿಯುವ ಮೊದಲೇ ತಂಗಿ ವಿಡಿಯೋ ನಿಲ್ಲಿಸಿ ಮೌಸಿನಿಂದ ಕೈ ತೆಗೆದಳು. ಬೇಕಾದರೆ ತಗೊಳ್ಳಲಿ.

ಉಸಿರು ಬಿಡುವಷ್ಟರಲ್ಲಿ ಚೌಕ ಮೂಡಿತು. ಅಕ್ಕ ಅಲ್ಲೇ ಇದ್ದಳು, ಕಾಯುತ್ತಿದ್ದಳು.

ತಂಗಿ ಒತ್ತಲಿಲ್ಲ. ಅಕ್ಕ ಮೂಗು ನೋಡಿಕೊಳ್ಳಲಿ. ಎರಡು ನಿಮಿಷ ಕಳೆಯಿತು, ಮೂರಾಯಿತು. ಪಾಠ ಮುಗಿಯಲು ಇನ್ನೂ ಹತ್ತು ನಿಮಿಷ ಬಾಕಿ ಇರುವಾಗ ಚೌಕ ತಾನಾಗಿಯೇ ಮಾಯವಾಯಿತು. ಆ ಕಡೆ ಅಕ್ಕ ನಿಲ್ಲಿಸಿ, ಅವಳಿಗೆ ಬಿಟ್ಟುಕೊಟ್ಟಿದ್ದಳು.